ಬೆಂಗಳೂರಿನಿಂದ ಒಂದೇ ದಿನದಲ್ಲಿ: ಜನ ಅಷ್ಟಾಗಿ ಹೋಗದ ಜಾಗಗಳನ್ನು ನೋಡಿ ಬರುವುದು ಹೇಗೆ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಸಂಜೆ ಹೋದರೆ ಗುಡಿಸಿದ ನೆಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕೊಕ್ಕರೆ ಬೆಳ್ಳೂರಿಗೆ ಸೆಪ್ಟೆಂಬರಿನಲ್ಲಿ ಹೋದರೆ ಅದು ಎಲ್ಲ ಊರಿನಂತೆ ಒಂದು ಊರು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸೈಫನ್‌ಗಳು, ಅಂದರೆ ಹೆಚ್ಚಾದ ನೀರನ್ನು ತಾವಾಗಿಯೇ ಹೊರಹಾಕುವ ಕೊಳವೆಗಳು, ಕೆರೆ ತುಂಬಿದ ದಿನಗಳಲ್ಲಿ ಮಾತ್ರ ಮಾತಾಡುತ್ತವೆ. ನಂದಿ ಬೆಟ್ಟಕ್ಕೋ ಮೈಸೂರು ಅರಮನೆಗೋ ಯಾವಾಗ ಹೋದರೂ ನಡೆಯುತ್ತದೆ. ಅಲ್ಲಿ ಟಿಕೆಟ್ ಕೌಂಟರ್ ಇದೆ, ಬೋರ್ಡ್ ಇದೆ, ತಿಂಡಿ ಅಂಗಡಿ ಇದೆ. ಆದರೆ ಪ್ರವಾಸಿಗರಿಗಾಗಿ ಮಾಡದ ಜಾಗಗಳಿಗೆ ಅವುಗಳದ್ದೇ ಹೊತ್ತು ಇರುತ್ತದೆ. ಆ ಹೊತ್ತಿಗೆ ನಮ್ಮ ದಿನವನ್ನು ಹೊಂದಿಸಿಕೊಳ್ಳಬೇಕು. ಇದೊಂದು ಗೊತ್ತಾದರೆ ಬೆಂಗಳೂರಿನ ಸುತ್ತ ನೂರು ಕಿಲೋಮೀಟರ್ ಒಳಗೆ ವರ್ಷವಿಡೀ ನೋಡುವಷ್ಟು ಇದೆ.

ಇಲ್ಲಿ ಮೂರು ದಿಕ್ಕಿನ ಮೂರು ಪ್ರವಾಸಗಳನ್ನು ಹೇಳುತ್ತೇನೆ. ಅದಕ್ಕೂ ಮೊದಲು ತಯಾರಿಯ ಮಾತು.

ಹೊರಡುವ ಮೊದಲು

ಮೊದಲು ಒಂದು ಎಳೆ ಹಿಡಿಯಿರಿ. ಮ್ಯಾಪ್ ತೆರೆದು ದಾರಿಯಲ್ಲಿ ಸಿಗುವ ಎಲ್ಲವನ್ನೂ ಗುರುತು ಮಾಡಿಕೊಂಡು ಹೋದರೆ ಸಂಜೆ ಹೊತ್ತಿಗೆ ಏನು ನೋಡಿದೆವು ಅಂತಲೇ ನೆನಪಿರುವುದಿಲ್ಲ. ಅದರ ಬದಲು ‘ಇವತ್ತು ಮರಗಳು’, ‘ಇವತ್ತು ಕೈಕೆಲಸ’, ‘ಇವತ್ತು ಗಣಿ ಮತ್ತು ಕಲ್ಲು’ ಅಂತ ಒಂದನ್ನು ಆರಿಸಿಕೊಳ್ಳಿ. ಮೂರು ಜಾಗಕ್ಕಿಂತ ಜಾಸ್ತಿ ಬೇಡ. ಮಕ್ಕಳು, ವಯಸ್ಸಾದವರು ಜೊತೆಯಲ್ಲಿದ್ದರೆ ಎರಡೇ ಸಾಕು.

ಆಮೇಲೆ ಪ್ರತಿ ಜಾಗಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ತಿಂಗಳು? ದಿನದ ಯಾವ ಹೊತ್ತು? ಬೀಗದ ಕೈ ಯಾರ ಹತ್ತಿರ? ಮೂರನೆಯದನ್ನು ಜನ ಮರೆಯುತ್ತಾರೆ. ಹಳ್ಳಿಯ ಹಳೆಯ ಗುಡಿಗಳಲ್ಲಿ ಅರ್ಚಕರು ಬೆಳಗಿನ ಪೂಜೆ ಮುಗಿಸಿ ಬೀಗ ಹಾಕಿಕೊಂಡು ಹೊಲಕ್ಕೆ ಹೋಗಿರುತ್ತಾರೆ. ಅಂಥ ಕಡೆ ಗುಡಿಯ ಮುಂದೆ ನಿಂತು ಕಾಯುವುದಕ್ಕಿಂತ ಹತ್ತಿರದ ಅಂಗಡಿಯಲ್ಲೋ ಅರಳಿಕಟ್ಟೆಯಲ್ಲೋ ಕೇಳಿ. ‘ತಾತ, ಪೂಜಾರಪ್ಪನವರ ಮನೆ ಎಲ್ಲಿ ಬರುತ್ತೆ?’ ಅಂದರೆ ಸಾಕು, ಒಬ್ಬ ಹುಡುಗನನ್ನು ಜೊತೆಗೆ ಕಳಿಸುತ್ತಾರೆ. ಬಂದು ಬಾಗಿಲು ತೆಗೆದವರ ಮಂಗಳಾರತಿ ತಟ್ಟೆಗೆ ಧಾರಾಳವಾಗಿ ಹಾಕಿ. ಅವರು ತಮ್ಮ ಕೆಲಸ ಬಿಟ್ಟು ಬಂದಿರುತ್ತಾರೆ.

ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಂಡಿರಿ, ಒಳದಾರಿಗಳಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ. ಅದೇ ಕಾರಣಕ್ಕೆ ಚಿಲ್ಲರೆ ಹಣವೂ ಇರಲಿ. ನೀರು, ಟೋಪಿ, ಒಂದು ಹಳೆಯ ಟವೆಲ್, ಮಕ್ಕಳಿಗೆ ಬುತ್ತಿ. ಶೌಚಾಲಯದ ವಿಚಾರದಲ್ಲಿ ನಾಚಿಕೆ ಬೇಡ. ಹೆದ್ದಾರಿಯ ಹೋಟೆಲ್‌ನಲ್ಲೇ ಮುಗಿಸಿಕೊಂಡು ಒಳಗೆ ತಿರುಗುವುದು ಒಳ್ಳೆಯದು. ಆಮೇಲೆ ಗಂಟೆಗಟ್ಟಲೆ ಸಿಗದೇ ಇರಬಹುದು. ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ.

ಮೈಸೂರು ರಸ್ತೆ: ಹಕ್ಕಿ, ಗೂಡು, ಗೊಂಬೆ

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು. ಇಲ್ಲಿ ಕಾಣುವುದೆಲ್ಲ ಜನ ದಿನನಿತ್ಯ ಬದುಕುತ್ತಿರುವ ಬದುಕು.

ಮೊದಲ ಎಚ್ಚರಿಕೆ ರಸ್ತೆಯದ್ದೇ. 2023ರಲ್ಲಿ ಶುರುವಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಬದಿಗಿಟ್ಟು ಹೋಗುತ್ತದೆ. ಮುಖ್ಯ ರಸ್ತೆ ಹಿಡಿದರೆ ಈ ಊರುಗಳು ಕಣ್ಣಿಗೂ ಬೀಳುವುದಿಲ್ಲ. ಇಳಿಯುವ ಜಾಗ ಒಮ್ಮೆ ತಪ್ಪಿದರೆ ತುಂಬಾ ದೂರ ಹೋಗಿ ತಿರುಗಬೇಕಾಗುತ್ತದೆ. ಹಾಗಾಗಿ ಊರೊಳಗಿನ ಹಳೆಯ ರಸ್ತೆಯೇ ಸರಿ. ಬೈಕಿನವರಿಗೆ ಹೇಗೂ ಬೇರೆ ದಾರಿಯಿಲ್ಲ, 2023ರ ಆಗಸ್ಟ್‌ನಿಂದ ಮುಖ್ಯ ರಸ್ತೆಯಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನು ಬಿಡುವುದಿಲ್ಲ. ಕಾರಿಲ್ಲದವರೂ ಚಿಂತೆ ಮಾಡಬೇಕಿಲ್ಲ. ರಾಮನಗರ, ಚನ್ನಪಟ್ಟಣ, ಮದ್ದೂರು ಮೂರಕ್ಕೂ ರೈಲಿದೆ, ಬಸ್ಸಿದೆ. ಕರ್ನಾಟಕದ ವಿಳಾಸವಿರುವ ಆಧಾರ್ ಇದ್ದರೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವೂ ಇಲ್ಲ.

ದಿನವನ್ನು ದೂರದ ಜಾಗದಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ. ಬೆಳಗ್ಗೆ ಐದಕ್ಕೆ ಹೊರಟರೆ ಏಳರ ಹೊತ್ತಿಗೆ ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಈ ಊರಿಗೆ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಡಿಸೆಂಬರಿನಿಂದ ಜೂನ್‌ವರೆಗೆ ಹಕ್ಕಿಗಳ ಕಾಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಗೂಡುಗಳು ತುಂಬಿರುತ್ತವೆ. ಬರುವುದು ಮುಖ್ಯವಾಗಿ ಎರಡು ಜಾತಿ. ಒಂದು ಬಣ್ಣದ ಕೊಕ್ಕರೆ, ಇನ್ನೊಂದು ಹೆಜ್ಜಾರ್ಲೆ. ಹೆಜ್ಜಾರ್ಲೆ ಅಂದರೆ ಕೊಕ್ಕಿನ ಕೆಳಗೆ ಚೀಲ ಇರುವ ದೊಡ್ಡ ನೀರುಹಕ್ಕಿ. ಇವು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಕೆರೆಯ ನಡುವಿನ ನಡುಗಡ್ಡೆಯಲ್ಲೂ ಅಲ್ಲ. ಮನೆಗಳ ಹಿತ್ತಲಿನ ಹುಣಸೆ ಮರದಲ್ಲಿ, ಬೀದಿ ಬದಿಯ ಗೋಣಿ ಮರದಲ್ಲಿ. ಕೆಳಗೆ ಹಸು ಕಟ್ಟಿರುತ್ತಾರೆ, ಬಟ್ಟೆ ಒಣಗಿ ಹಾಕಿರುತ್ತಾರೆ, ಮೇಲೆ ಮರಿಗಳು ಕೊಕ್ಕು ಕಿಟಕಿಟ ಅನಿಸುತ್ತಿರುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅಂತ ಊರಿನವರು ಹೇಳುತ್ತಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಗೆ ಸಿಗುವುದಿಲ್ಲ. ಆದರೂ ಮರ ಕಡಿಯದೆ ಉಳಿಸಿಕೊಂಡ ಜನ ಇವರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡಿದ್ದಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು.

ಇಲ್ಲಿ ಹೇಗಿರಬೇಕು? ಗಾಡಿಯನ್ನು ಊರ ಹೊರಗೇ ನಿಲ್ಲಿಸಿ ನಡೆಯಿರಿ. ಹಾರ್ನ್, ಚಪ್ಪಾಳೆ, ಡ್ರೋನ್ ಯಾವುದೂ ಬೇಡ. ಹಕ್ಕಿ ಹಾರಿದ ಫೋಟೋ ಬೇಕು ಅಂತ ಓಡಿಸಿದರೆ ಗೂಡಿನ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಮರದ ಕೆಳಗೆ ನಿಂತರೆ ಹಕ್ಕಿಗಳ ಹಿಕ್ಕೆ ಮೈಮೇಲೆ ಬೀಳುತ್ತದೆ. ಟೋಪಿ ಹಾಕಿಕೊಳ್ಳಿ, ಟವೆಲ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ. ಯಾರದ್ದೋ ಹಿತ್ತಲಿಗೆ ಹೋಗುವ ಮುಂಚೆ ‘ಅಕ್ಕ, ಒಳಗೆ ಬಂದು ನೋಡಬಹುದಾ?’ ಅಂತ ಕೇಳಿ. ಬೇಡ ಅನ್ನುವವರು ಕಡಿಮೆ. ಕೇಳದೆ ನುಗ್ಗಿದರೆ ಮಾತ್ರ ಬೇಸರ ಪಡುತ್ತಾರೆ, ಪಡಬೇಕಾದ್ದೇ.

ಒಂಬತ್ತರ ಹೊತ್ತಿಗೆ ಅಲ್ಲಿಂದ ಹೊರಡಿ. ತಿಂಡಿಗೆ ಮದ್ದೂರು ವಡೆ ಬೇಕಿದ್ದರೆ ಸ್ವಲ್ಪ ಮುಂದಕ್ಕೆ ಹೋಗಬೇಕು. ಬಿಡದಿಯ ತಟ್ಟೆ ಇಡ್ಲಿ ಸಾಕು ಅನ್ನುವವರು ಬರುವಾಗಲೇ ಮುಗಿಸಿರಿ. ಹನ್ನೊಂದರೊಳಗೆ ರಾಮನಗರದಲ್ಲಿರಬೇಕು.

ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು. ಬೆಳಗಾಗುವಷ್ಟರಲ್ಲಿ ರೈತರು ಮೂಟೆ ಹೊತ್ತು ಬರುತ್ತಾರೆ. ಉದ್ದಕ್ಕೆ ಸಾಲಾಗಿ ಇಟ್ಟ ತಟ್ಟೆಗಳಲ್ಲಿ ಗೂಡು ಸುರಿಯುತ್ತಾರೆ. ಹಳದಿ ಬಣ್ಣದ್ದು ಮಿಶ್ರ ತಳಿ, ಬಿಳಿಯದು ದ್ವಿತಳಿ. ಒಂದೊಂದು ಗೂಡಿನಲ್ಲೂ ಕಡಿಯದ ಒಂದೇ ಎಳೆ ನೂರಾರು ಮೀಟರ್ ಉದ್ದ ಸುತ್ತಿಕೊಂಡಿರುತ್ತದೆ, ಒಳ್ಳೆಯ ದ್ವಿತಳಿಯಲ್ಲಿ ಅದು ಸಾವಿರ ಮೀಟರ್ ಕೂಡ ಮುಟ್ಟುತ್ತದೆ. ನೂಲು ಬಿಚ್ಚುವ ರೀಲರ್‌ಗಳು ಸಾಲಿನ ನಡುವೆ ಓಡಾಡುತ್ತಾ ಕೈ ತುಂಬಾ ಗೂಡು ತೆಗೆದು, ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಮೊದಲೆಲ್ಲ ಕೂಗಿ ಹರಾಜು ನಡೆಯುತ್ತಿತ್ತು. ಈಗ ಫೋನಿನಲ್ಲಿ ಬೆಲೆ ಹಾಕುತ್ತಾರೆ, ಲಾಟಿನ ನಂಬರಿನ ಎದುರು ಬೆಲೆ ಪರದೆಯ ಮೇಲೆ ಮೂಡುತ್ತದೆ. ಆದರೂ ಮುಖ ನೋಡಿದರೆ ಗೊತ್ತಾಗುತ್ತದೆ. ತಿಂಗಳಿನಷ್ಟು ದಿನ ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕಿದ ಕುಟುಂಬದ ಅಷ್ಟೂ ದುಡಿಮೆ ಆ ಒಂದು ನಂಬರಿನ ಮೇಲೆ ನಿಂತಿರುತ್ತದೆ. ಅವರ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ಮಾತಾಡಿಸಿ. ‘ಯಾವ ಊರು ಅಣ್ಣ, ಬೆಳೆ ಹೇಗೆ ಬಂತು?’ ಅಂದರೆ ಎಷ್ಟೋ ಜನ ಖುಷಿಯಿಂದ ಹೇಳುತ್ತಾರೆ. ಫೋಟೋ ತೆಗೆಯುವುದಾದರೆ ಮೊದಲು ಮಾರುಕಟ್ಟೆಯ ಕಚೇರಿಯಲ್ಲಿ ಒಂದು ಮಾತು ಕೇಳಿ. ಹಬ್ಬದ ದಿನಗಳಲ್ಲಿ ಹೋಗಬೇಡಿ.

ಸಾಧ್ಯವಾದರೆ ಊರಿನಲ್ಲೇ ಒಂದು ನೂಲು ಬಿಚ್ಚುವ ಘಟಕವನ್ನೂ ನೋಡಿ. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿರುತ್ತದೆ, ಬರಿಗೈಯಲ್ಲಿ ಎಳೆ ಹುಡುಕಿ ರಾಟೆಗೆ ಕೊಡುತ್ತಿರುತ್ತಾರೆ. ಬೆಂದ ಹುಳುವಿನ ವಾಸನೆ ಜೋರು. ಕೆಲವರಿಗೆ ಆಗುವುದಿಲ್ಲ, ಸಣ್ಣ ಮಕ್ಕಳನ್ನು ಒತ್ತಾಯ ಮಾಡಬೇಡಿ. ಆದರೆ ರೇಷ್ಮೆ ಸೀರೆ ಉಟ್ಟವರೆಲ್ಲ ಒಮ್ಮೆಯಾದರೂ ಇದನ್ನು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಊಟ ಆದಮೇಲೆ ಹತ್ತು ಹನ್ನೆರಡು ಕಿಲೋಮೀಟರ್ ಮತ್ತೆ ಮೈಸೂರಿನ ಕಡೆಗೆ, ಚನ್ನಪಟ್ಟಣ. ಸ್ವಲ್ಪ ಹಿಂದೆ ಮುಂದೆ ಓಡಾಟ ಆಗುತ್ತದೆ ನಿಜ. ಹಕ್ಕಿ ಮತ್ತು ಹರಾಜು ಎರಡೂ ಬೆಳಗಿನವು, ಗೊಂಬೆ ಕೆಲಸ ಮಧ್ಯಾಹ್ನವೂ ನಡೆಯುತ್ತದೆ. ಅದಕ್ಕೇ ಈ ಕ್ರಮ. ಗೊಂಬೆ ಕೊಳ್ಳುವುದಕ್ಕೆ ರಸ್ತೆ ಬದಿಯ ಅಂಗಡಿ ಸಾಕು. ನೋಡುವುದಕ್ಕೆ ಕುಶಲಕರ್ಮಿಗಳು ಇರುವ ಕಲಾನಗರದ ಕಡೆ ಹೋಗಿ. ಲೇತ್ ಯಂತ್ರದಲ್ಲಿ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕುಂಚವೂ ಇಲ್ಲ, ಪೇಂಟೂ ಇಲ್ಲ. ಕೊನೆಗೆ ತಾಳೆಗರಿ ಒತ್ತಿ ಹಿಡಿದಾಗ ಕನ್ನಡಿಯಂಥ ಹೊಳಪು ಬರುತ್ತದೆ. ಒಂದು ಬುಗುರಿ ಕಣ್ಣೆದುರೇ ಹುಟ್ಟುವುದಕ್ಕೆ ಕೆಲವೇ ನಿಮಿಷ. ಮಕ್ಕಳು ಇದನ್ನು ಬಿಟ್ಟು ಏಳುವುದಿಲ್ಲ. ಚನ್ನಪಟ್ಟಣದ ಗೊಂಬೆಗೆ ಜಿಐ, ಅಂದರೆ ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹಾಗಂತ ಅಂಗಡಿಯಲ್ಲಿರುವುದೆಲ್ಲ ಇಲ್ಲಿಯದೇ ಅಂದುಕೊಳ್ಳಬೇಡಿ. ಕೆಲಸ ಮಾಡುವವರ ಕೈಯಿಂದಲೇ ಕೊಂಡರೆ ದುಡ್ಡು ಅವರಿಗೇ ಸೇರುತ್ತದೆ, ಚೌಕಾಸಿ ಜಾಸ್ತಿ ಮಾಡಬೇಡಿ.

ಹಕ್ಕಿ ಇಲ್ಲದ ತಿಂಗಳಲ್ಲಿ ಬೆಳ್ಳೂರಿನ ಬದಲು ರಾಮನಗರದ ಹತ್ತಿರದ ಜಾನಪದ ಲೋಕ ಅನ್ನುವ ವಸ್ತುಸಂಗ್ರಹಾಲಯ ಸೇರಿಸಿಕೊಳ್ಳಿ. ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ತಿರುಗಿ ಕಲೆ ಹಾಕಿದ ಕೃಷಿ ಉಪಕರಣ, ಅಡುಗೆ ಪಾತ್ರೆ, ತೊಗಲುಗೊಂಬೆ, ವಾದ್ಯಗಳು ಅಲ್ಲಿವೆ. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋದರೆ ಬೇರೆ ಗೈಡ್ ಬೇಕಾಗುವುದಿಲ್ಲ, ಒಂದೊಂದು ವಸ್ತುವಿಗೂ ಅವರೇ ಕತೆ ಹೇಳುತ್ತಾರೆ. ಇತಿಹಾಸದ ಹುಚ್ಚಿದ್ದರೆ ಮದ್ದೂರು ತಾಲ್ಲೂಕಿನದ್ದೇ ಆತಕೂರು ನೆನಪಿರಲಿ. ಕಾಳಿ ಅನ್ನುವ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ, ಗಂಗರ ಬೂತುಗನ ಸೇವಕ ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ. ಅದೇ ಕಲ್ಲಿನಲ್ಲಿ ಚೋಳ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದ ಸುದ್ದಿಯೂ ಇದೆ. ಕ್ರಿ.ಶ. 949–50ರ ಕಾಲದ್ದು. ಕಲ್ಲು ಈಗ ಊರಿನಲ್ಲಿಲ್ಲ, ಬೆಂಗಳೂರು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹಾಗಾಗಿ ಈ ಒಂದು ನಿಲ್ದಾಣವನ್ನು ಊರು ಬಿಡದೆಯೇ ಮುಗಿಸಬಹುದು!

ಶ್ರೀರಂಗಪಟ್ಟಣದವರೆಗೆ ಹೋಗುವವರಿಗೆ ಒಂದೇ ಒಂದು ಸಲಹೆ. ರೈಲ್ವೆ ಸ್ಟೇಷನ್ ಹತ್ತಿರದ ಟಿಪ್ಪುವಿನ ಶಸ್ತ್ರಾಗಾರ ನೋಡಿ. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನು ಒಡೆಯದೆ, ಬುಡಸಮೇತ ಎತ್ತಿ, ಸುಮಾರು ನೂರು ಮೀಟರ್ ಆಚೆ ಜರುಗಿಸಿ ಇಟ್ಟರು. ಹೊರಗಿನಿಂದ ನೋಡಿದರೆ ಸಾಧಾರಣ ಇಟ್ಟಿಗೆ ಗಾರೆಯ ಕಟ್ಟಡ. ಕತೆ ಗೊತ್ತಿದ್ದವರಿಗೆ ಮಾತ್ರ ಅದು ಅಚ್ಚರಿ.

ಉತ್ತರಕ್ಕೆ: ಎರಡು ಮರಗಳ ದಿನ

ಇದು ಚಿಕ್ಕ ಪ್ರವಾಸ, ತಡವಾಗಿ ಹೊರಟರೂ ನಡೆಯುತ್ತದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ 54 ಎಕರೆಯ ಹುಣಸೆ ತೋಪು ಇದೆ. 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪರಂಪರೆ ತಾಣ ಅಂತ ಘೋಷಣೆಯಾದದ್ದು ಇದೇ. ಒಂದೊಂದು ಬುಡವೂ ತಿರುಚಿ, ಟೊಳ್ಳಾಗಿ, ಒಳಗೆ ಮನುಷ್ಯ ನಿಲ್ಲುವಷ್ಟು ಜಾಗ ಮಾಡಿಕೊಂಡಿದೆ. ಆದರೂ ಮೇಲೆ ಹಸಿರು ಚಿಗುರು. ಪಾಳು ಬಿದ್ದ ಹಳೆಯ ಗುಡಿಯೂ ತೋಪಿನಲ್ಲೇ ಇದೆ. ಇಲ್ಲಿ ‘ನೋಡುವುದು’ ಅಂತ ಪಟ್ಟಿ ಏನೂ ಇಲ್ಲ, ನಿಧಾನವಾಗಿ ನಡೆಯಬೇಕು. ಮಧ್ಯಾಹ್ನದ ಬಿಸಿಲಿಗೂ ತಂಪು. ಮರ ಹತ್ತುವುದು, ಹೆಸರು ಕೆತ್ತುವುದು, ಬೆಂಕಿ ಹಾಕುವುದು ಖಂಡಿತ ಬೇಡ. ಒಬ್ಬೊಬ್ಬರೇ ಹೋಗುವುದಕ್ಕಿಂತ ಗುಂಪಾಗಿ, ಹಗಲು ಹೊತ್ತಿನಲ್ಲಿ ಹೋಗಿ.

ಅಲ್ಲಿಂದ ದೊಡ್ಡಬಳ್ಳಾಪುರದ ಮೇಲೆ ಗೌರಿಬಿದನೂರು, ಅದರ ಹತ್ತಿರವೇ ವಿದುರಾಶ್ವತ್ಥ. ಮಹಾಭಾರತದ ವಿದುರ ನೆಟ್ಟದ್ದು ಅಂತ ನಂಬಿದ್ದ ಅಶ್ವತ್ಥ ಮರ 2001ರಲ್ಲಿ ಉರುಳಿತು. ಮರದ ಸುತ್ತ ಹರಕೆ ಹೊತ್ತವರು ಇಟ್ಟ ನಾಗರಕಲ್ಲುಗಳು ಮಾತ್ರ ಲೆಕ್ಕವಿಲ್ಲದಷ್ಟು ಇವೆ, ಸಾಲು ಸಾಲಾಗಿ. ಗುಡಿ ನೋಡಿ ಹಾಗೇ ವಾಪಸ್ ಬರಬೇಡಿ. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಜಾಗ ಇದು. ಸ್ಮಾರಕವೂ ಚಿತ್ರಗಳ ಗ್ಯಾಲರಿಯೂ ಪಕ್ಕದಲ್ಲೇ ಇವೆ. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ವಿದುರಾಶ್ವತ್ಥದ ಸುದ್ದಿ ದೇಶಕ್ಕೆಲ್ಲ ಮುಟ್ಟಿ, ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದ ಮಾಡಿಕೊಂಡರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು. ಶಾಲೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದ ಈ ಕತೆಯನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಬೇಕು.

ಪೂರ್ವಕ್ಕೆ: ಚಿನ್ನದ ಗಣಿ, ಕಲ್ಲಿನ ಗುಡಿ

ಕೆಜಿಎಫ್‌ಗೆ ರೈಲಿನಲ್ಲಿ ಹೋಗುವುದೇ ಚೆಂದ. ಬಂಗಾರಪೇಟೆ ದಾಟಿ ಮಾರಿಕುಪ್ಪಂಗೆ ಹೋಗುವ ರೈಲು ಗಣಿ ಊರಿನ ನಡುವೆಯೇ ಸಾಗುತ್ತದೆ. ಗಣಿ ಕೆಲಸಗಾರರ ಮಕ್ಕಳು ಈಗಲೂ ಇದೇ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಬಂದು ಹೋಗುತ್ತಾರೆ. ಬೆಳಗಿನ ರೈಲು ಆ ಕಡೆಯಿಂದ ತುಂಬಿ ಬರುತ್ತದೆ, ಆ ಕಡೆಗೆ ಹೋಗುವಾಗ ಸೀಟು ಸಿಗುತ್ತದೆ.

ಇಲ್ಲಿನ ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಒಳಗೆ ಇಳಿಯಲು ಯಾರಿಗೂ ಬಿಡುವುದಿಲ್ಲ. ‘ನಾನು ತೋರಿಸ್ತೀನಿ ಬನ್ನಿ’ ಅಂತ ಯಾರಾದರೂ ಕರೆದರೂ ಬೇಲಿ ದಾಟಬೇಡಿ. ಊರ ತುಂಬ ಬೆಟ್ಟದ ಹಾಗೆ ನಿಂತಿರುವ ಬೂದು ಬಣ್ಣದ ದಿಬ್ಬಗಳು ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿ, ಸೈನೈಡ್ ಹಾಕಿ ಸಂಸ್ಕರಿಸಿದ್ದು. ದೂರದಿಂದ ಫೋಟೋಗೆ ಚೆನ್ನಾಗಿ ಕಾಣುತ್ತವೆ. ಮೇಲೆ ಹತ್ತಬೇಡಿ, ಗಾಳಿ ಜೋರಾಗಿದ್ದ ದಿನ ಹತ್ತಿರವೂ ನಿಲ್ಲಬೇಡಿ. ಆ ಧೂಳನ್ನು ಊರಿನ ಜನ ಬೇರೆ ದಾರಿಯಿಲ್ಲದೆ ಕುಡಿಯುತ್ತಿದ್ದಾರೆ, ನಾವು ಆಟಕ್ಕೆ ಎಬ್ಬಿಸುವುದು ಸರಿಯಲ್ಲ.

ಮತ್ತೆ ನೋಡುವುದೇನು? ರಸ್ತೆಯಿಂದಲೇ ಕಾಣುವ, ಗಣಿಯ ಬಾಯಿಯ ಮೇಲೆ ನಿಂತ ಎತ್ತರದ ಕಬ್ಬಿಣದ ಚೌಕಟ್ಟುಗಳು. ಗಣಿಯ ಬ್ರಿಟಿಷ್ ದೊರೆಗಳ ಬಂಗಲೆಗಳು, ಅವುಗಳಿಂದ ಸ್ವಲ್ಪ ದೂರದಲ್ಲೇ ಕಾರ್ಮಿಕರ ಸಣ್ಣ ಸಣ್ಣ ಮನೆಗಳ ಸಾಲು. ಎರಡನ್ನೂ ಒಂದೇ ನಡಿಗೆಯಲ್ಲಿ ನೋಡಿ, ಚಿನ್ನ ಯಾರ ಪಾಲಾಯಿತು ಅಂತ ಯಾರೂ ಹೇಳಿಕೊಡಬೇಕಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಜಾಸ್ತಿ ಆಳಕ್ಕೆ ಹೋಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಬಂದದ್ದು ಈ ಗಣಿಗಳಿಗೆ, ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. 1965ರಲ್ಲಿ ಇಲ್ಲಿನ ಆಳದಲ್ಲೇ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಮೇಲಿನ ಬೇರೆ ಕಣಗಳ ಗಲಾಟೆಯನ್ನು ಅಷ್ಟು ದಪ್ಪದ ಬಂಡೆ ತಡೆಯುತ್ತಿತ್ತು. ಚಹಾ ಅಂಗಡಿಯಲ್ಲಿ ಕೂತಿರುವ ವಯಸ್ಸಾದವರಲ್ಲಿ ಗಣಿಗೆ ಇಳಿದವರು ಸಿಗುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಕಲೆತ ಮಾತಿನಲ್ಲಿ ಅವರು ಹೇಳುವುದನ್ನು ಕೇಳಲು ಸಮಯ ಇಟ್ಟುಕೊಳ್ಳಿ.

ಗಾಡಿಯಲ್ಲಿ ಹೋದವರು ಮಧ್ಯಾಹ್ನ ಮುಳಬಾಗಿಲಿನ ಕಡೆ ತಿರುಗಿ. ಮುಳಬಾಗಿಲು ದೋಸೆ ತಿಂದು ಆವಣಿಗೆ ಹೋಗಿ. ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಯ ಅಂಗಳದಲ್ಲಿ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನಲ್ಲೂ ಒಂದೊಂದು ಶಿವನ ಗುಡಿ ಇದೆ. ಬೆಟ್ಟದ ಮೇಲೆ ಸೀತೆಗೆ ಗುಡಿ. ಲವಕುಶರು ಹುಟ್ಟಿದ್ದು ಇಲ್ಲೇ ಅಂತ ಜನರ ನಂಬಿಕೆ. ಬೆಟ್ಟ ಹತ್ತುವುದಾದರೆ ಬಿಸಿಲು ಇಳಿದ ಮೇಲೆ, ಆದರೆ ಕತ್ತಲಾಗುವ ಮುಂಚೆ ಕೆಳಗಿರಿ. ಸಮಯ ಉಳಿದರೆ ಮಾತ್ರ ಕುರುಡುಮಲೆಯ ಹದಿಮೂರುವರೆ ಅಡಿ ಎತ್ತರದ ಗಣಪತಿ.

ಮಳೆಗಾಲಕ್ಕೆ ಒಂದು

ಮಾರ್ಕೋನಹಳ್ಳಿಯ ಮಾತು ಬಾಕಿ ಉಳಿಯಿತು. ಶಿಂಷಾ ನದಿಗೆ ಕಟ್ಟಿದ ಈ ಜಲಾಶಯದಲ್ಲಿ ನೀರು ಪೂರ್ತಿ ಮಟ್ಟ ಮುಟ್ಟಿದ ಕೂಡಲೇ ಸೈಫನ್‌ಗಳು ತಾವಾಗಿಯೇ ನೀರೆಳೆದು ಹೊರಗೆ ಚೆಲ್ಲುತ್ತವೆ. ಯಾರೂ ಗೇಟ್ ಎತ್ತಬೇಕಿಲ್ಲ. ಮಟ್ಟ ಇಳಿದರೆ ತಾವೇ ನಿಲ್ಲುತ್ತವೆ. ಎಷ್ಟೋ ವರ್ಷ ಕೆರೆ ತುಂಬುವುದೇ ಇಲ್ಲ, ಹಾಗಾಗಿ ಇದಕ್ಕೆ ದಿನ ಗೊತ್ತು ಮಾಡಿ ಹೊರಡಲು ಆಗುವುದಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ ತುಮಕೂರು ಜಿಲ್ಲೆಯ ಸುದ್ದಿ ಗಮನಿಸುತ್ತಿರಿ. ಕುಣಿಗಲ್, ಎಡೆಯೂರು ಕಡೆ ಪರಿಚಯದವರಿದ್ದರೆ ‘ಕೆರೆ ಕೋಡಿ ಬಿದ್ದರೆ ಒಂದು ಫೋನ್ ಮಾಡಿ’ ಅಂತ ಹೇಳಿಡಿ. ಸುದ್ದಿ ಬಂದ ಮೇಲೆ ಮುಂದಿನ ಭಾನುವಾರದವರೆಗೆ ಕಾಯಬೇಡಿ, ಮಾರನೇ ದಿನವೇ ಹೋಗಿ. ನೀರು ಚೆಲ್ಲುವ ಕೆಳಭಾಗಕ್ಕೆ ಇಳಿಯಬೇಡಿ. ಏರಿಯ ಮೇಲಿನಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆ.